ಅಮ್ಮನ ಬಿಪಿಗೆ ಊರಿನ ಉಪಕೇಂದ್ರದ ಮಾತ್ರೆ ಸಾಕಾ, ಹಾಸನಕ್ಕೆ ಕರೆದುಕೊಂಡು ಹೋಗಬೇಕಾ?

ಮೆಣಸಿನ ಬಳ್ಳಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರಿಲ್ಲದೆ ಓದಿ.

ನಮ್ಮದು ಸಕಲೇಶಪುರ ತಾಲೂಕಿನ ಒಂದು ಹಳ್ಳಿ. ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪ ಇಲ್ಲ. ಅಮ್ಮನಿಗೆ 61, ಒಬ್ಬರೇ ಎರಡು ಎಕರೆ ಕಾಫಿ ತೋಟ ನೋಡಿಕೊಂಡಿದ್ದಾರೆ. ಎರಡು ತಿಂಗಳ ಹಿಂದೆ ಆಶಾ ಕಾರ್ಯಕರ್ತೆ ಮನೆಗೆ ಬಂದು, 30 ದಾಟಿದವರಿಗೆಲ್ಲ ಬಿಪಿ, ಶುಗರ್ ನೋಡುತ್ತಿದ್ದೇವೆ ಅಂತ ಹೇಳಿ ಉಪಕೇಂದ್ರಕ್ಕೆ ಬರಲು ಹೇಳಿದರಂತೆ. ಅಲ್ಲಿ ನೋಡಿದರೆ 168/102. ಬೇರೆ ದಿನ ಮತ್ತೆ ಕರೆಸಿ ನೋಡಿದರು, ಹೆಚ್ಚುಕಮ್ಮಿ ಅಷ್ಟೇ ಇತ್ತು. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ್ ಅಮ್ಲೋಡಿಪಿನ್ 5 ಅಂತ ಬಿಪಿ ಮಾತ್ರೆ ಬರೆದುಕೊಟ್ಟರು, ಒಂದು ಕಾರ್ಡ್ ಮಾಡಿದರು, 30 ಮಾತ್ರೆ ಕೊಟ್ಟರು, ಮುಗಿಯುವ ಮುಂಚೆ ಬನ್ನಿ ಅಂದರು. ತಿಂಗಳಾದ ಮೇಲೆ 154/96. ಆಗ ಟೆಲ್ಮಿಸಾರ್ಟಾನ್ 40 ಅಂತ ಇನ್ನೊಂದು ಮಾತ್ರೆ ಸೇರಿಸಿದರು.

ಈಗ ಮನೆಯಲ್ಲಿ ಇದೇ ಜಗಳ. ನಮ್ಮ ಸೋದರಮಾವ ಹೇಳುವುದು, "ಅಲ್ಲಿ ಎಲ್ಲರಿಗೂ ಒಂದೇ ಮಾತ್ರೆ ಕಣೋ, ರೇಷನ್ ಅಕ್ಕಿ ಕೊಟ್ಟ ಹಾಗೆ. ಹಾಸನದಲ್ಲಿ ಒಳ್ಳೆ ಹಾರ್ಟ್ ಡಾಕ್ಟರಿಗೆ ತೋರಿಸು." ಅಮ್ಮ ಹೇಳುವುದು, "ನನಗೇನೂ ಆಗಿಲ್ಲ, ತಲೆನೋವೂ ಇಲ್ಲ, ಸುಮ್ನೆ ಯಾಕೆ ಮಾತ್ರೆ?" 2025ರ ಮೇ, ಜೂನ್‌ನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನಾ ಟಿವಿಯಲ್ಲಿ ಬಂತಲ್ಲ, ಅವತ್ತಿನಿಂದ ನನಗೆ ರಾತ್ರಿ ಊರಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತೆ.

ಕೇಳಬೇಕಾಗಿರುವುದು ಇಷ್ಟು. ಈ ತಿಂಗಳು ತಿಂಗಳು ಕಾರ್ಡ್, ಮಾತ್ರೆ, ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವುದು, ಇದರಿಂದ ನಿಜವಾಗಿ ಉಪಯೋಗ ಇದೆಯಾ? ಅಥವಾ ದೊಡ್ಡ ಡಾಕ್ಟರ್ ಹತ್ತಿರ ಹೋಗುವುದೇ ಸರಿಯಾ? ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ತೋರಿಸಿಕೊಳ್ಳುತ್ತಿದ್ದರೆ ಹೇಳಿ.

ಹಳೇ ಲೂನಾ:

ನಾನು ಅರಸೀಕೆರೆ ಕಡೆಯವನು. ನಾನು ದೊಡ್ಡ ಡಾಕ್ಟರ್ ದಾರಿ ಹಿಡಿದವನು, ಅದರ ಕಥೆ ಕೇಳಿ.

ಐದು ವರ್ಷದ ಹಿಂದೆ ಬಿಪಿ 170 ಅಂತ ಗೊತ್ತಾಯಿತು. ಹಾಸನಕ್ಕೆ ಹೋದೆ. ಡಾಕ್ಟರ್ ಒಳ್ಳೆಯವರೇ, ಚೆನ್ನಾಗಿ ನೋಡಿದರು, ಇಸಿಜಿ, ಎಕೋ ಎಲ್ಲ ಮಾಡಿಸಿದರು. ಮಾತ್ರೆ ಬರೆದರು. ತಿಂಗಳು ಬಿಟ್ಟು ಬನ್ನಿ ಅಂದರು. ಎರಡನೇ ಸಲ ಹೋದೆ. ಮೂರನೇ ಸಲವೂ ಹೋದೆ, ಬಿಪಿ 130 ಆಗಿತ್ತು. ಖುಷಿಯಾಯಿತು. ವಾಸಿಯಾಯಿತು ಅಂದುಕೊಂಡೆ! ನಾಲ್ಕನೇ ಸಲ ರಾಗಿ ಕಟಾವು ಇತ್ತು, ಹೋಗಲಿಲ್ಲ. ಆಮೇಲೆ ಹೋಗಲೇ ಇಲ್ಲ. ಯಾರೂ ಕೇಳಲೂ ಇಲ್ಲ. ಅವರು ಯಾಕೆ ಕೇಳುತ್ತಾರೆ, ಅವರ ಬಾಗಿಲಲ್ಲಿ ದಿನಾ ಎಂಬತ್ತು ಜನ.

ಎರಡು ವರ್ಷ ಆದ ಮೇಲೆ ಒಂದು ಬೆಳಗ್ಗೆ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಲೋಟ ಕೈಯಲ್ಲಿ ಇದೆ ಅಂತಲೇ ನನ್ನ ಲೆಕ್ಕ. ನೋಡಿದರೆ ಲೋಟ ನೆಲದ ಮೇಲೆ, ಕಾಫಿ ಪಂಚೆ ಮೇಲೆ. ಬಿಸಿ ಗೊತ್ತಾಗಲಿಲ್ಲ. ಹೆಂಡತಿ ಬಂದು "ಯಾಕ್ರೀ ಬಾಯಿ ಹೀಗೆ ಒಂದು ಕಡೆ ಎಳೆದಿದೆ" ಅಂದಳು. 108ಕ್ಕೆ ಫೋನ್ ಮಾಡಿ ಬೇಗ ಕರೆದುಕೊಂಡು ಹೋದರು, ಅದಕ್ಕೆ ಉಳಿದುಕೊಂಡೆ. ಎಡಗೈ ಈಗಲೂ ಮೊದಲಿನ ಹಾಗಿಲ್ಲ. ಲೂನಾ ಓಡಿಸುವುದು ಬಿಟ್ಟೆ, ಹೆಸರು ಮಾತ್ರ ಉಳಿದಿದೆ.

ಈಗ ನಾನೂ ನಮ್ಮ ಊರಿನ ಉಪಕೇಂದ್ರದಲ್ಲೇ ಮಾತ್ರೆ ತೆಗೆದುಕೊಳ್ಳುವುದು. ಮೂರು ದಿನ ತಡವಾದರೆ ಆಶಾ ಮನೆ ಮುಂದೆ ನಿಂತಿರುತ್ತಾಳೆ. "ಏನಣ್ಣಾ, ಮಾತ್ರೆ ಮುಗೀಲಿಲ್ವಾ ಇನ್ನೂ?" ಈ ಪ್ರಶ್ನೆ ಐದು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ಅಂತ ಅನ್ನಿಸುತ್ತೆ, ಅಷ್ಟೇ.

ಉಪಕೇಂದ್ರದವಳು:

ನಾನು ಅರಕಲಗೂಡು ತಾಲೂಕಿನಲ್ಲಿ ಸಿಎಚ್‌ಒ. ಅಂದರೆ ಸಮುದಾಯ ಆರೋಗ್ಯ ಅಧಿಕಾರಿ, ಆದರೆ ಜನ ಕರೆಯುವುದು "ಸಿಸ್ಟರ್" ಅಂತಲೇ, ಇರಲಿ. ನಮ್ಮ ಉಪಕೇಂದ್ರಕ್ಕೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಬಿದ್ದಿದೆ.

ಇದು ಹೇಗೆ ನಡೆಯುತ್ತೆ ಹೇಳುತ್ತೇನೆ. ಆಶಾ ಮನೆಮನೆಗೆ ಹೋಗಿ 30 ದಾಟಿದವರ ಪಟ್ಟಿ ಮಾಡುತ್ತಾರೆ. ನಾವು ಬಿಪಿ ನೋಡುತ್ತೇವೆ. ಜಾಸ್ತಿ ಇದ್ದರೆ ಒಂದೇ ಸಲಕ್ಕೆ ರೋಗಿ ಅಂತ ಬರೆಯಲ್ಲ, ಇನ್ನೊಂದು ದಿನ ಕರೆಸುತ್ತೇವೆ. ಮಾತ್ರೆ ಶುರು ಮಾಡುವುದು, ಬದಲಾಯಿಸುವುದು ಪಿಎಚ್‌ಸಿ ಡಾಕ್ಟರ್, ಎದುರಿಗೆ ಅಥವಾ ಇ-ಸಂಜೀವಿನಿ ವಿಡಿಯೋ ಕಾಲ್‌ನಲ್ಲಿ. ಆಮೇಲೆ ತಿಂಗಳು ತಿಂಗಳು ಬಿಪಿ ನೋಡಿ ಮಾತ್ರೆ ಕೊಡುವುದು ನಮ್ಮ ಕೆಲಸ. ಇದೆಲ್ಲ ಎನ್‌ಸಿಡಿ, ಅಂದರೆ ಬಿಪಿ, ಶುಗರ್ ತರಹದ ಅಂಟದ ರೋಗಗಳ ಕಾರ್ಯಕ್ರಮದ ಕೆಳಗೆ ಬರುತ್ತೆ. ನಮ್ಮ ರಾಜ್ಯದಲ್ಲಿ ಮನೆಬಾಗಿಲಿಗೇ ಹೋಗಿ ತಪಾಸಣೆ ಮಾಡುವ ಗೃಹ ಆರೋಗ್ಯ ಅಂತಲೂ ಒಂದು ಯೋಜನೆ ಇದೆ, 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು.

ನನ್ನ ಪ್ರಕಾರ ಇದರಲ್ಲಿ ನಿಜವಾದ ಕೆಲಸ ಮಾಡುವುದು ಮಾತ್ರೆ ಅಲ್ಲ, ಯಾರು ಬರಲಿಲ್ಲ ಅನ್ನುವ ಪಟ್ಟಿ. ಬಂದವರನ್ನು ಯಾರು ಬೇಕಾದರೂ ನೋಡಬಹುದು. ತಿಂಗಳ ಕೊನೆಗೆ ಕೂತು, ಬರದೇ ಇದ್ದವರ ಹೆಸರು ಬೇರೆ ಬರೆದು ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ. "ಮೇಡಂ, ಆಲೂಗಡ್ಡೆ ಬಿತ್ತನೆ", "ಮೇಡಂ, ಮಗಳ ಬಾಣಂತನ", "ಮೇಡಂ, ಬಿಪಿ ಹೋಯ್ತು, ಅದಕ್ಕೆ ಬಿಟ್ಟೆ". ಈ ಕೊನೆಯದು ಬಹಳ ಜಾಸ್ತಿ. ಬಿಪಿ ಹೋಗಿರಲ್ಲ, ಮಾತ್ರೆ ಅದನ್ನು ಕೆಳಗೆ ಹಿಡಿದುಕೊಂಡಿರುತ್ತೆ.

ಮೆಣಸಿನ ಬಳ್ಳಿಯವರೇ, ಒಂದು ಕೆಲಸ ಮಾಡಿ. ಈ ಸಲ ಊರಿಗೆ ಹೋದಾಗ ಅಮ್ಮನ ಮಾತ್ರೆ ಡಬ್ಬ ತೆಗೆದು ಎಣಿಸಿ. ಕೇಳಬೇಡಿ, ಎಣಿಸಿ. ಕೇಳಿದರೆ ಎಲ್ಲ ಅಮ್ಮಂದಿರೂ "ತಗೋತಿದೀನಿ" ಅಂತಲೇ ಹೇಳುವುದು.

ಕಹಿ ಕಾಫಿ:

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಚಿಕ್ಕಮಗಳೂರು ಜಿಲ್ಲೆ, ನಮ್ಮ ಅಪ್ಪನದೂ ಇದೇ ಕಾರ್ಡ್. ಎರಡು ತಿಂಗಳು ಮಾತ್ರೆ ಸ್ಟಾಕ್ ಇರಲಿಲ್ಲ. ಒಂದು ಸಲ "ಮುಂದಿನ ವಾರ ಬನ್ನಿ", ಮುಂದಿನ ವಾರ "ಇಂಡೆಂಟ್ ಹಾಕಿದ್ದೇವೆ, ಬರುತ್ತೆ". ಅಪ್ಪನಿಗೆ 70. ನಾಲ್ಕು ಕಿಲೋಮೀಟರ್ ನಡೆದು ಬಂದು ಬರಿಗೈಯಲ್ಲಿ ವಾಪಸ್ ಹೋದರೆ ಮೂರನೇ ಸಲ ಯಾರು ಬರುತ್ತಾರೆ ಹೇಳಿ. ಜನ ಮಾತ್ರೆ ಬಿಟ್ಟರು ಬಿಟ್ಟರು ಅಂತೀರಿ, ಮಾತ್ರೆಯೇ ಜನರನ್ನು ಬಿಟ್ಟಿದ್ದು ಯಾವ ಪಟ್ಟಿಯಲ್ಲಿ ಬರೆಯುತ್ತೀರಿ?

ಇನ್ನೊಂದು. ಬಿಪಿ ನೋಡುವ ರೀತಿ. ಚಳಿಗಾಲದಲ್ಲಿ ಅಪ್ಪನ ಜೊತೆ ನಾನೇ ಹೋಗಿದ್ದೆ. ಏದುಸಿರು ಬಿಡುತ್ತಾ ಬಂದವರನ್ನು ಸ್ಟೂಲ್ ಮೇಲೆ ಕೂರಿಸಿ, ಸ್ವೆಟರ್ ತೋಳಿನ ಮೇಲೇ ಪಟ್ಟಿ ಸುತ್ತಿ, ಪಕ್ಕದವರ ಜೊತೆ ಮಾತಾಡುತ್ತಾ ನೋಡಿ ಮುಗಿಸಿದರು. ಕಾರ್ಡ್ ತೆಗೆದು ನೋಡಿದೆ. 140/90. ಹಿಂದಿನ ತಿಂಗಳು 140/90. ಅದರ ಹಿಂದಿನ ತಿಂಗಳೂ 140/90. ಬಿಪಿ ಏನು ಬಸ್ ಟಿಕೆಟ್ಟಾ, ದಿನಾ ಅದೇ ರೇಟು ಇರೋಕೆ? ಕಾರ್ಯಕ್ರಮ ಕಾಗದದ ಮೇಲೆ ಚೆನ್ನಾಗಿದೆ, ಇಲ್ಲ ಅನ್ನಲ್ಲ.

ಉಪಕೇಂದ್ರದವಳು:

ಕಹಿ ಕಾಫಿಯವರೇ, ನೀವು ಹೇಳಿದ್ದು ಎರಡೂ ಸರಿ. ವಾದ ಮಾಡಲ್ಲ. ಹೋಗಲಿ, ಎರಡು ಮಾತು ಹೇಳಿ ಸುಮ್ಮನಾಗುತ್ತೇನೆ.

ಸ್ಟಾಕ್ ಕಡಿಮೆ ಇದ್ದಾಗ ನಾನು 30ರ ಬದಲು 15 ಕೊಡುತ್ತೇನೆ, ಬರಿಗೈಯಲ್ಲಿ ಮಾತ್ರ ಕಳಿಸಲ್ಲ. ಅದೂ ಮುಗಿದರೆ ಮಾತ್ರೆ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು ಜನೌಷಧಿಗೆ ಕಳಿಸುತ್ತೇನೆ. ಬ್ರ್ಯಾಂಡ್ ಹೆಸರು ಅಲ್ಲ, ಮಾತ್ರೆಯ ಹೆಸರು. ಅಮ್ಲೋಡಿಪಿನ್ ಅಲ್ಲಿ ತುಂಬಾ ಅಗ್ಗ, ಒಂದು ಕಾಫಿ ಕುಡಿದಷ್ಟೂ ಆಗಲ್ಲ ಒಂದು ಸ್ಟ್ರಿಪ್‌ಗೆ.

ಬಿಪಿ ನೋಡುವುದು ಹೇಗಿರಬೇಕು ಅಂತ ಎಲ್ಲರೂ ತಿಳಿದುಕೊಳ್ಳಿ, ನಿಮ್ಮ ಹಕ್ಕು ಅದು. ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಐದು ನಿಮಿಷ ಸುಮ್ನೆ ಕೂರಬೇಕು, ಬೆನ್ನಿಗೆ ಆಸರೆ ಇರಬೇಕು, ಕಾಲು ನೆಲಕ್ಕೆ ತಾಗಿರಬೇಕು, ಕಾಲಿನ ಮೇಲೆ ಕಾಲು ಹಾಕಬಾರದು. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿ ಬರಿ ತೋಳಿಗೆ ಕಟ್ಟಬೇಕು, ಹೆಂಗಸರ ರವಿಕೆ ತೋಳನ್ನು ಮೇಲಕ್ಕೆ ಸುತ್ತಿ ಬಿಗಿ ಮಾಡಿದರೂ ಲೆಕ್ಕ ತಪ್ಪುತ್ತೆ. ಮಾತು ಬೇಡ. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಬೇಕು. ಡಿಜಿಟಲ್ ಮಿಷನ್ ಕೇಳಿ. ಅದು 143 ಅಂದರೆ 143, ರೌಂಡ್ ಮಾಡಲು ಯಾರಿಗೂ ಬರಲ್ಲ.

ರಿಟೈರ್ಡ್ ಡಾಕ್ಟ್ರು:

ಹಾಸನ, ಚಿಕ್ಕಮಗಳೂರು ಎರಡೂ ಕಡೆ ಪಿಎಚ್‌ಸಿಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮಾವನವರ "ರೇಷನ್ ಅಕ್ಕಿ" ಮಾತು ಓದಿ ನಗು ಬಂತು, ಯಾಕೆಂದರೆ ಶುರುವಿನಲ್ಲಿ ನಾನೂ ಹೀಗೇ ಗೊಣಗಿದವನು. ಎಲ್ಲರಿಗೂ ಒಂದೇ ಮೆಟ್ಟಿಲು ಅಂದರೆ ನನ್ನ ಓದಿಗೆ ಏನು ಬೆಲೆ ಅಂತ.

ಆಮೇಲೆ ನನ್ನದೇ ಹಳೆಯ ಚೀಟಿಗಳು ನೆನಪಾದವು. ಒಬ್ಬರಿಗೆ ಅಟೆನೋಲಾಲ್, ಇನ್ನೊಬ್ಬರಿಗೆ ಎನಾಲಾಪ್ರಿಲ್, ಮತ್ತೊಬ್ಬರಿಗೆ ಆ ವಾರ ಔಷಧಿ ಕಂಪನಿಯ ರೆಪ್ರೆಸೆಂಟೇಟಿವ್ ಹೇಳಿಹೋದ ಮಾತ್ರೆ. ಬಿಪಿ 150 ಇದ್ದರೆ "ಪರವಾಗಿಲ್ಲ, ಉಪ್ಪು ಕಡಿಮೆ ಮಾಡಿ, ಮುಂದಿನ ಸಲ ನೋಡೋಣ". ಮುಂದಿನ ಸಲವೂ 150, ಆಗಲೂ ಅದೇ ಮಾತು. ವೈದ್ಯರ ದೊಡ್ಡ ತಪ್ಪು ಇದೇ. ತಪ್ಪು ಮಾತ್ರೆ ಕೊಡುವುದು ಕಡಿಮೆ, ಸರಿಯಾದ ಮಾತ್ರೆಯನ್ನು ಸಾಕಷ್ಟು ಕೊಡದೇ ಇರುವುದು ಜಾಸ್ತಿ. ಮೆಟ್ಟಿಲು ಕಟ್ಟಿಟ್ಟರೆ ಈ ಸೋಮಾರಿತನಕ್ಕೆ ಜಾಗ ಇಲ್ಲ. ಒಂದು ಮಾತ್ರೆ ಕೊಟ್ಟೆವು, ತಿಂಗಳಾಯಿತು, 140/90 ಕೆಳಗೆ ಬರಲಿಲ್ಲ, ಮುಂದಿನ ಮೆಟ್ಟಿಲು. ಮೊದಲು ಅಮ್ಲೋಡಿಪಿನ್, ಅದರ ಜೊತೆಗೆ ಟೆಲ್ಮಿಸಾರ್ಟಾನ್, ಆಮೇಲೆ ಡೋಸ್ ಜಾಸ್ತಿ, ಕೊನೆಗೆ ಕ್ಲೋರ್ಥಾಲಿಡೋನ್ ತರಹದ ನೀರಿನ ಮಾತ್ರೆ. ರಾಜ್ಯದಿಂದ ರಾಜ್ಯಕ್ಕೆ ಕ್ರಮ ಸ್ವಲ್ಪ ಬದಲಾಗುತ್ತೆ, ತತ್ವ ಇದೇ. ನಿಮ್ಮ ಅಮ್ಮನಿಗೆ ತಿಂಗಳಾದ ತಕ್ಷಣ ಎರಡನೇ ಮಾತ್ರೆ ಸೇರಿಸಿದ್ದಾರೆ ನೋಡಿ, ಅದು ಒಳ್ಳೆ ವೈದ್ಯದ ಲಕ್ಷಣ. ಹಾಸನದಲ್ಲಿ ಸಾವಿರ ರೂಪಾಯಿ ಕೊಟ್ಟರೂ ಬಹುಶಃ ಇದೇ ಎರಡು ಮಾತ್ರೆ ಬರೆಯುತ್ತಾರೆ, ಹೆಸರು ಬೇರೆ ಇರುತ್ತೆ ಅಷ್ಟೇ.

ಇನ್ನೊಂದು ಲಾಭ ಇದೆ. ಹತ್ತು ತರಹ ಮಾತ್ರೆ ಬರೆದರೆ ಯಾವುದು ಎಷ್ಟು ಬೇಕು ಅಂತ ಲೆಕ್ಕ ಹಾಕಲು ಸ್ಟೋರಿನವನಿಗೆ ಆಗಲ್ಲ. ಮೂರೇ ಇದ್ದರೆ, ಕಾರ್ಡ್ ಎಷ್ಟಿದೆಯೋ ಅದರ ಮೇಲೆ ಗುಣಿಸಿ ಇಂಡೆಂಟ್ ಹಾಕಬಹುದು. ಕಹಿ ಕಾಫಿಯವರ ಊರಿನಲ್ಲಿ ಸ್ಟಾಕ್ ಮುಗಿದಿದ್ದಕ್ಕೆ ಇದು ಸಮಾಧಾನ ಅಲ್ಲ. ಲೆಕ್ಕ ಇಷ್ಟು ಸುಲಭ ಇದ್ದೂ ಮುಗಿಯಿತು ಅಂದರೆ ಯಾರೋ ಲೆಕ್ಕ ಹಾಕಿಲ್ಲ ಅಂತ.

ಇದು ನಮ್ಮ ಹಳ್ಳಿಗೆ ಅಂತ ಮಾಡಿದ ಬಡವರ ವ್ಯವಸ್ಥೆ ಅಂದುಕೊಳ್ಳಬೇಡಿ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಅಂತ ದೊಡ್ಡ ಆರೋಗ್ಯ ಸಂಸ್ಥೆ ಇದೆ. 2001ರಲ್ಲಿ ಅವರ ಬಿಪಿ ರೋಗಿಗಳಲ್ಲಿ ಹತೋಟಿಯಲ್ಲಿ ಇದ್ದವರು ಶೇ 44ರಷ್ಟು. ಅಷ್ಟು ದುಡ್ಡಿದ್ದೂ! ಅವರು ಮಾಡಿದ್ದು ಏನು? ಎಲ್ಲ ರೋಗಿಗಳದ್ದೂ ಒಂದು ಪಟ್ಟಿ, ಒಂದೇ ಚಿಕಿತ್ಸಾ ಕ್ರಮ, ಎರಡು ಔಷಧಿ ಸೇರಿಸಿದ ಒಂದೇ ಮಾತ್ರೆ, ಯಾವ ಕ್ಲಿನಿಕ್ ಹಿಂದೆ ಬಿದ್ದಿದೆ ಅಂತ ಆಗಾಗ ತೋರಿಸುವುದು, ಕೊನೆಗೆ ಡಾಕ್ಟರ್ ಬದಲು ಸಹಾಯಕರೇ ಫೀಸಿಲ್ಲದೆ ಬಿಪಿ ನೋಡುವುದು. 2009ಕ್ಕೆ ಶೇ 80 ಆಯಿತು. ಪಟ್ಟಿಯಲ್ಲಿದ್ದವರು ಮೂರೂವರೆ ಲಕ್ಷದಿಂದ ಆರೂವರೆ ಲಕ್ಷಕ್ಕೆ ಏರಿದ್ದರು, ಆದರೂ. ನಮ್ಮ ದೇಶದಲ್ಲಿ ಇದೇ ದಾರಿಯಲ್ಲಿ 2017ರ ನವೆಂಬರ್‌ನಲ್ಲಿ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಶುರುವಾಯಿತು. ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ), ಆರೋಗ್ಯ ಇಲಾಖೆ, ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಸೇರಿ ಮೊದಲು ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರದ ಕೆಲವು ಜಿಲ್ಲೆಗಳಲ್ಲಿ. 2022ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು.

2025ರ ಹಾಸನದ ಹೃದಯಾಘಾತದ ಗಲಾಟೆ ಬಗ್ಗೆಯೂ ಹೇಳಿಬಿಡುತ್ತೇನೆ. ಆಗ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಬೆಳಗಿನ ಜಾವವೇ ಹೋಗಿ ಕ್ಯೂ ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು, ಸಾವು ಅಸಹಜವಾಗಿ ಏರಿಲ್ಲ ಅಂತ ವರದಿ ಬಂತು. ಸತ್ತವರಲ್ಲಿ ಬಿಪಿ, ಶುಗರ್, ಸಿಗರೇಟು, ಬೊಜ್ಜು ಇದ್ದವರು ಇದ್ದರು. ಹೊಸ ರೋಗ ಏನೂ ಅಲ್ಲ, ಹಳೆಯ ಸಾಲವೇ. ಕ್ಯೂ ನಿಂತವರಲ್ಲಿ ಎಷ್ಟು ಜನ ತಮ್ಮ ಊರಿನ ಉಪಕೇಂದ್ರದಲ್ಲಿ ಒಂದು ಸಲ ತೋಳು ಚಾಚಿದ್ದರೋ ಏನೋ.

ಹಾಸನಕ್ಕೆ ಯಾವಾಗ ಹೋಗಬೇಕು? ಮೂರು ಮಾತ್ರೆ ಪೂರ್ತಿ ಡೋಸ್‌ನಲ್ಲಿ, ತಪ್ಪದೆ ತೆಗೆದುಕೊಂಡರೂ ಬಿಪಿ ಇಳಿಯದಿದ್ದರೆ. ತೀರಾ ಚಿಕ್ಕ ವಯಸ್ಸಿನಲ್ಲೇ ಬಿಪಿ ಬಂದರೆ. ಕಿಡ್ನಿ ಪರೀಕ್ಷೆ ಸರಿ ಇಲ್ಲದಿದ್ದರೆ. ಗರ್ಭಿಣಿಯಾದರೆ, ಮತ್ತೆ ಗರ್ಭಿಣಿಯರಿಗೆ ಟೆಲ್ಮಿಸಾರ್ಟಾನ್ ಕೊಡುವ ಹಾಗೇ ಇಲ್ಲ. ನಡೆದರೆ ಎದೆ ಬಿಗಿದರೆ. ಇನ್ನು ಬಾಯಿ ವಾಲುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಎದೆನೋವು, ಇವು ಬಂದರೆ ಯಾರನ್ನೂ ಕೇಳುತ್ತಾ ಕೂರಬೇಡಿ, 108.

ಟೆಲ್ಮಿಸಾರ್ಟಾನ್ ಶುರುವಾಗಿದೆ ಅಂದಿರಿ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ), ಪೊಟ್ಯಾಸಿಯಂ ಒಂದು ಸಲ ಮಾಡಿಸಿ. "ಕಡಿಮೆ ಸೋಡಿಯಂ ಉಪ್ಪು" ಅಂತ ಅಂಗಡಿಯಲ್ಲಿ ಬರುತ್ತಲ್ಲ, ಅದರಲ್ಲಿ ಪೊಟ್ಯಾಸಿಯಂ ಇರುತ್ತೆ, ಈ ಮಾತ್ರೆ ಇರುವಾಗ ಡಾಕ್ಟರನ್ನು ಕೇಳದೆ ಬಳಸಬೇಡಿ. ಅಮ್ಲೋಡಿಪಿನ್‌ಗೆ ಪಾದ ಊದಿದರೆ ಹೇಳಿ, ಸುಮ್ನೆ ನಿಲ್ಲಿಸಬೇಡಿ. ಮತ್ತೆ, ಅಮ್ಮ ಮಂಡಿ ನೋವಿಗೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾರಾ? ತೋಟದ ಕೆಲಸ, 61 ವಯಸ್ಸು, ಅದಕ್ಕೇ ಕೇಳಿದೆ.

ಬಟವಾಡೆ ರೈಟರ್:

ಮೂಡಿಗೆರೆ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೇನೆ. ನಮ್ಮ ಲೈನ್ ಮನೆಗಳಲ್ಲಿ ನಡೆದದ್ದು ಹೇಳುತ್ತೇನೆ.

ಉಪಕೇಂದ್ರಕ್ಕೆ ಹೋಗಬೇಕು ಅಂದರೆ ಆಳುಗಳಿಗೆ ಅರ್ಧ ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಹಣ್ಣು ಕೊಯ್ಲಿನ ಕಾಲದಲ್ಲಿ, ಡಿಸೆಂಬರ್, ಜನವರಿಯಲ್ಲಿ, ಒಂದು ದಿನಕ್ಕೆ ಎಷ್ಟು ಕಿಲೋ ಕುಯ್ದರು ಅನ್ನುವುದರ ಮೇಲೆ ದುಡ್ಡು. ಆಗ ಬಿಪಿ ಮಾತ್ರೆಗೆ ಯಾರು ಹೋಗುತ್ತಾರೆ? ಸಿಸ್ಟರ್ ಬಂದು ನನ್ನ ಹತ್ತಿರ ಬೇಜಾರು ಮಾಡಿಕೊಂಡರು. ನಾನು ಹೇಳಿದೆ, ಮೇಡಂ, ನೀವು ಬಟವಾಡೆ ದಿನ ಬನ್ನಿ. ಅವತ್ತು ಒಬ್ಬರೂ ತಪ್ಪಿಸಿಕೊಳ್ಳಲ್ಲ! ಈಗ ತಿಂಗಳಿಗೆ ಒಂದು ಬಟವಾಡೆಗೆ ಕಣದ ಪಕ್ಕ ಒಂದು ಮೇಜು, ಎರಡು ಕುರ್ಚಿ ಹಾಕಿಸುತ್ತೇನೆ. ಮೊದಲು ಕುರ್ಚಿ ಮೇಲೆ ಐದು ನಿಮಿಷ ಕೂರಬೇಕು, ಆಮೇಲೆ ಪಟ್ಟಿ, ಆಮೇಲೆ ಮಾತ್ರೆ, ಆಮೇಲೆ ನನ್ನ ಹತ್ತಿರ ಸಂಬಳ. ದುಡ್ಡು ಎಣಿಸಿದ ಮೇಲೆ ಬಿಪಿ ನೋಡಿದರೆ ಜಾಸ್ತಿ ಬರುತ್ತೆ ಅಂತ ಸಿಸ್ಟರ್ ತಮಾಷೆ ಮಾಡುತ್ತಾರೆ, ಸಾಲ ಮುರಿದುಕೊಂಡ ಮೇಲೆ ಉಳಿಯುವುದು ನೋಡಿದರೆ ಅದು ತಮಾಷೆಯೂ ಅಲ್ಲ.

ಕಷ್ಟ ಇರುವುದು ಹೊರಗಿನಿಂದ ಬಂದವರದ್ದು. ಅಸ್ಸಾಂ ಕಡೆಯವರು ನಾಲ್ಕು ತಿಂಗಳು ಇರುತ್ತಾರೆ, ಹೊರಟುಬಿಡುತ್ತಾರೆ. ಕಾರ್ಡ್ ಇಲ್ಲೇ ಉಳಿಯುತ್ತೆ. ಹೋಗುವಾಗ ಮಾತ್ರೆಯ ಹೆಸರು ಇರುವ ಕಾರ್ಡ್ ಫೋಟೋ ಅವರ ಮೊಬೈಲಿಗೆ ಹಾಕಿ ಕಳಿಸುತ್ತೇನೆ, ಅಷ್ಟು ಮಾತ್ರ ನನ್ನ ಕೈಲಿ ಆಗುವುದು.

ಉಪ್ಪಿನ ಬಗ್ಗೆ ಯಾರೂ ಬರೆದಿಲ್ಲವಲ್ಲ. ದಿನಕ್ಕೆ 5 ಗ್ರಾಂ ಒಳಗೆ ಅಂತಾರೆ, ಅಂದರೆ ಒಂದು ಸಣ್ಣ ಚಮಚ, ಅಡುಗೆಯದ್ದೂ ಸೇರಿ. ನಮ್ಮ ಮಲೆನಾಡಿನಲ್ಲಿ ಅದು ಬೆಳಗಿನ ಗಂಜಿ ಊಟಕ್ಕೇ ಮುಗಿಯಿತು. ಉಪ್ಪುನೀರಿನಲ್ಲಿ ಹಾಕಿದ ಮಿಡಿ, ಕಳಲೆ, ಮಳೆಗಾಲದಲ್ಲಿ ಒಣಮೀನು, ಹಪ್ಪಳ. ಪಲ್ಯದಲ್ಲಿ ಒಂದು ಚಿಟಿಕೆ ಕಡಿಮೆ ಮಾಡಿ, ಪಕ್ಕದಲ್ಲಿ ಎರಡು ಮಿಡಿ ಕಚ್ಚುತ್ತಾರೆ. ನನ್ನದೂ ಅದೇ ಕಥೆ, ಮಿಡಿ ಬಿಡಲು ಇನ್ನೂ ಆಗಿಲ್ಲ, ತೊಳೆದು ತಿನ್ನುತ್ತಿದ್ದೇನೆ.

ಮೆಣಸಿನ ಬಳ್ಳಿ:

ಎಲ್ಲರಿಗೂ ಥ್ಯಾಂಕ್ಸ್. ವಾರದ ಕೊನೆಗೆ ಊರಿಗೆ ಹೋಗಿ ಬಂದೆ. ಸಿಸ್ಟರ್ ಹೇಳಿದ ಹಾಗೆ ಕೇಳಲಿಲ್ಲ, ಎಣಿಸಿದೆ.

ಅಮ್ಮ ಮಾತ್ರೆಗಳನ್ನು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ದೇವರ ಗೂಡಿನ ಪಕ್ಕ ಇಟ್ಟಿದ್ದಾರೆ. ಕೊಟ್ಟು 22 ದಿನ ಆಗಿತ್ತು. ಎರಡೂ ತರಹದ್ದು ಎಂಟೆಂಟು ಉಳಿದಿರಬೇಕಿತ್ತು. ಅಮ್ಲೋಡಿಪಿನ್ 17 ಇತ್ತು. ಟೆಲ್ಮಿಸಾರ್ಟಾನ್ 19. ಅಮ್ಮನನ್ನು ಕೇಳಿದೆ. ಮೊದಲು ಮಾತು ತಿರುಗಿಸಿದರು, ಆಮೇಲೆ, "ಒಂದು ದಿನ ಬಿಟ್ಟು ನೋಡಿದೆ ಕಣೋ, ಏನೂ ಆಗಲಿಲ್ಲ. ಹಾಗಾಗಿ ತಲೆ ಭಾರ ಅನ್ನಿಸಿದ ದಿನ ಮಾತ್ರ ತಗೋತೀನಿ. ದಿನಾ ತಿಂದರೆ ಅಭ್ಯಾಸ ಆಗಿಬಿಡುತ್ತಲ್ಲ."

ಡಾಕ್ಟ್ರೇ, ನೀವು ಕೇಳಿದ್ದು ಸರಿಯಾಗಿ ತಗುಲಿತು. ಬಾಟಲಿಯಲ್ಲಿ ಬಿಪಿ ಮಾತ್ರೆ ಜೊತೆ ಇನ್ನೊಂದು ಸ್ಟ್ರಿಪ್ ಇತ್ತು. ಡೈಕ್ಲೋಫೆನಾಕ್. ಪೇಟೆಯಲ್ಲಿ ಮೆಡಿಕಲ್ ಶಾಪಿನಲ್ಲಿ "ಮಂಡಿ ನೋವು" ಅಂತ ಹೇಳಿ ತಂದದ್ದು. ಅದನ್ನು ಮಾತ್ರ ದಿನಾ ತಪ್ಪದೆ ಎರಡು ಹೊತ್ತು! ಎಷ್ಟು ದಿನದಿಂದ ಅಂದರೆ ಗೌರಿ ಹಬ್ಬದಿಂದ ಅಂತೆ.

ರಿಟೈರ್ಡ್ ಡಾಕ್ಟ್ರು:

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಟೆಲ್ಮಿಸಾರ್ಟಾನ್ ಕೆಲಸವನ್ನೂ ಕೆಡಿಸುತ್ತವೆ, ಎರಡೂ ಸೇರಿದರೆ ಕಿಡ್ನಿಗೂ ಒಳ್ಳೆಯದಲ್ಲ. ಈ ಸ್ಟ್ರಿಪ್ ಹಿಡಿದುಕೊಂಡೇ ಪಿಎಚ್‌ಸಿಗೆ ಹೋಗಿ. ಮಂಡಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತಾ ನೋಡುತ್ತಾರೆ. ಕ್ರಿಯಾಟಿನಿನ್ ಈಗ ಮಾಡಿಸಲೇಬೇಕು.

ಒಂದು ದಿನ ಬಿಟ್ಟು ನೋಡಿದೆ, ಏನೂ ಆಗಲಿಲ್ಲ ಅನ್ನುವುದಕ್ಕೂ ಕಾರಣ ಇದೆ. ಅಮ್ಲೋಡಿಪಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ನಿನ್ನೆಯ ಮಾತ್ರೆ ಇವತ್ತೂ ಕಾಯುತ್ತಿರುತ್ತೆ. ಅದೇ ಅದರ ಒಳ್ಳೆ ಗುಣ, ಅದೇ ಜನರನ್ನು ಮೋಸ ಮಾಡುವುದು. ತಲೆಭಾರಕ್ಕೂ ಬಿಪಿಗೂ ಗಂಟು ಹಾಕಬೇಡಿ ಅಂತ ಅಮ್ಮನಿಗೆ ಹೇಳಿ. 170 ಇದ್ದು ಆರಾಮಾಗಿ ಹೊಲ ಉಳುವವರನ್ನು ನೂರಾರು ನೋಡಿದ್ದೇನೆ.

ಹಳೇ ಲೂನಾ:

ಅಮ್ಮನಿಗೆ ಬೇಕಾದರೆ ನನ್ನ ಜೊತೆ ಫೋನಿನಲ್ಲಿ ಮಾತಾಡಿಸಿ. ನನಗೂ ತಲೆನೋವು ಇರಲಿಲ್ಲ.

ಮೆಣಸಿನ ಬಳ್ಳಿ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಡೈಕ್ಲೋಫೆನಾಕ್ ನಿಂತಿದೆ. ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡೂ ಸರಿ ಇದೆ. ಲೂನಾ ಅಣ್ಣ ಅಮ್ಮನ ಜೊತೆ ಮಾತಾಡಿದ್ದು ಕೆಲಸ ಮಾಡಿತು, ಕಾಫಿ ಲೋಟದ ಕಥೆಯನ್ನು ಅಮ್ಮ ಈಗ ಅಕ್ಕಪಕ್ಕದ ಮನೆಗೆಲ್ಲ ಹೇಳುತ್ತಿದ್ದಾರೆ. ಮಾತ್ರೆ ಹಲ್ಲುಜ್ಜುವ ಪೇಸ್ಟಿನ ಪಕ್ಕಕ್ಕೆ ಬಂದಿದೆ. ಮೊನ್ನೆ ಉಪಕೇಂದ್ರದಲ್ಲಿ ಐದು ನಿಮಿಷ ಕೂರಿಸಿ ನೋಡಿದಾಗ 144/88. ಇನ್ನೂ ಸ್ವಲ್ಪ ಜಾಸ್ತಿಯೇ. ಆದರೆ ಡಾಕ್ಟರ್, ಈಗಷ್ಟೇ ಸರಿಯಾಗಿ ತೆಗೆದುಕೊಳ್ಳಲು ಶುರು ಮಾಡಿದ್ದಾರೆ, ಇನ್ನೊಂದು ತಿಂಗಳು ನೋಡಿಯೇ ಡೋಸ್ ವಿಚಾರ ಅಂದರು. ಹಾಸನದ ಮಾತು ಸದ್ಯಕ್ಕೆ ಬಿಟ್ಟಿದ್ದೇವೆ. ಮಾವನಿಗೆ ಸಮಾಧಾನ ಇಲ್ಲ, ಇರಲಿ.

ಒಂದೇ ಪ್ರಶ್ನೆ ಉಳಿದಿದೆ. ಜುಲೈನಲ್ಲಿ ನಮ್ಮ ಕಡೆ ಮಳೆ ಹಿಡಿದರೆ ಹಳ್ಳ ತುಂಬಿ ಬಸ್ ಬರಲ್ಲ, ಕರೆಂಟೂ ಇರಲ್ಲ. ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಾರಾ?

ಉಪಕೇಂದ್ರದವಳು:

ಜೂನ್ ಮೊದಲ ವಾರವೇ ಹೋಗಿ ಕೇಳಿ, ಮಳೆ ಶುರುವಾದ ಮೇಲೆ ಅಲ್ಲ. ಬಿಪಿ ಹತೋಟಿಗೆ ಬಂದಿದ್ದು, ಸ್ಟಾಕೂ ಇದ್ದರೆ ಡಾಕ್ಟರ್ ಜಾಸ್ತಿ ದಿನಕ್ಕೆ ಬರೆದುಕೊಡಬಹುದು. ಹತೋಟಿಗೆ ಬರದಿದ್ದರೆ ಒಂದೇ ತಿಂಗಳದ್ದು ಕೊಡುತ್ತಾರೆ, ಆಗ ನಿಮ್ಮ ಆಶಾ ನಂಬರ್ ಇಟ್ಟುಕೊಳ್ಳಿ, ಅವರು ತಂದುಕೊಡಬಹುದು. ಮಾತ್ರೆ ಗಾಜಿನ ಬಾಟಲಿಗೆ ಸುರಿಯಬೇಡಿ, ಸ್ಟ್ರಿಪ್‌ನಲ್ಲೇ ಇರಲಿ. ಮಲೆನಾಡಿನ ಮಳೆಗಾಲದಲ್ಲಿ ಬಿಡಿ ಮಾತ್ರೆ ತೇವ ಹಿಡಿದು ಮೆತ್ತಗಾಗುತ್ತೆ.

ಕಹಿ ಕಾಫಿ:

ನಮ್ಮ ಕಡೆ ಮಾತ್ರೆ ಬಂತು. 20 ದಿನದ್ದು ಕೊಟ್ಟರು. ಈ ಸಲ ಕಾರ್ಡಿನಲ್ಲಿ 146/84 ಅಂತ ಬರೆದಿದ್ದಾರೆ. ಸ್ವೆಟರ್ ತೆಗೆಸಿದ್ದು ನಾನೇ.